ಮಲ್ಲಂದೂರಿನ ಜಲಜನಕ ಕೋಣೆ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಮಲ್ಲಂದೂರಿನಿಂದ ಬಂದಿರುವ ಗಂಗಾಧರಪ್ಪನವರೇ, ಪ್ರೇಮಕುಮಾರಿಯವರೇ, ಇಪ್ಪತ್ತೇಳು ವರ್ಷ ನನ್ನ ಆಕ್ಷೇಪಣೆಗಳನ್ನು ಸಹಿಸಿಕೊಂಡ ಸಹೋದ್ಯೋಗಿಗಳೇ, ಸಭಿಕರೇ,

ಕೂರುವ ಮೊದಲು ಈ ಸಭಾಂಗಣದ ಹೊರಬಾಗಿಲುಗಳನ್ನು ಎಣಿಸಿದೆ. ನಾಲ್ಕಿವೆ, ಒಂದಕ್ಕೆ ಬೀಗ. ಸುರಕ್ಷತಾ ಪರಿಶೀಲಕನ ಚಾಳಿ ನಿವೃತ್ತಿಯ ದಿನವೂ ಬಿಡಲಿಲ್ಲ, ಕ್ಷಮಿಸಿ.

ಅಧ್ಯಕ್ಷರು ನನ್ನನ್ನು ಪರಿಚಯಿಸುತ್ತಾ, "ಮಲ್ಲಂದೂರಿನಲ್ಲಿ ಅನಾಹುತ ತಪ್ಪಿಸಿದ ಓಂಕಾರಮೂರ್ತಿ" ಎಂದರು. ನೀವು ಚಪ್ಪಾಳೆ ತಟ್ಟಿದಿರಿ. ಅಲ್ಲಿ ನಡೆದದ್ದನ್ನು ಇಂದಾದರೂ ಪೂರ್ತಿ ಹೇಳಬೇಕು.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಗಂಗಾಧರಪ್ಪನವರು ತಮ್ಮ ತೋಟದ ಹಳ್ಳದ ನೀರಿನಿಂದ ಕರೆಂಟು ತೆಗೆದು, ಆ ಕರೆಂಟಿನಿಂದ ನೀರನ್ನೇ ಒಡೆದು ಜಲಜನಕ ಅನಿಲ ಮಾಡಿ, ಅದರಿಂದ ಕಾಫಿ ಒಣಗಿಸುವ ಪ್ರಯೋಗಕ್ಕೆ ಹೊರಟಿದ್ದರು. ಅನುಮತಿಗೆ ಅರ್ಜಿ ಬಂತು. ನಮ್ಮ ಕಚೇರಿಯಲ್ಲಿ ಜಲಜನಕವನ್ನು ಕಂಡವರು ಯಾರಿದ್ದರು? ನಾನೂ ಕಂಡಿರಲಿಲ್ಲ. ಅಡುಗೆ ಅನಿಲದ ಗೋದಾಮಿಗೆ ಬಳಸುವ ಪಟ್ಟಿಯನ್ನೇ ಹಿಡಿದುಕೊಂಡು ಹೋದೆ. ನೆಲದ ಮಟ್ಟದಲ್ಲಿ ಗಾಳಿಕಿಂಡಿ ಇದೆಯೇ? ಇದೆ. ಟಿಕ್ ಹಾಕಿದೆ.

ಸಹಿ ಹಾಕಲು ಕುಳಿತಾಗ, ಅನಿಲ ತಯಾರಿಸುವ ಆ ಕೋಣೆಯನ್ನು ಗುಡಿಸುತ್ತಿದ್ದ ಹುಚ್ಚಮ್ಮ ಎಂಬ ಆಳು ಕೇಳಿದಳು: "ಇದು ಎಂಥ ಗ್ಯಾಸು ಸಾರ್?"

"ಲೋಕದಲ್ಲೇ ಹಗುರವಾದ ಗ್ಯಾಸಮ್ಮ" ಎಂದು ನಾನು ಜಂಬದಿಂದ ಹೇಳಿದೆ.

"ಹಗುರ ಅಂದ್ರೆ ಮೇಲೆ ಹೋಗುತ್ತಲ್ಲ. ಮೇಲೆ ಪೂರಾ ಮುಚ್ಚಿದಾರೆ. ಕಿಂಡಿ ಇಟ್ಟಿರೋದು ಕೆಳಗೆ."

ನಾನೇನು ಮಾಡಿದೆ ಗೊತ್ತೇ? "ನಿಂಗೆ ಇದೆಲ್ಲ ತಿಳಿಯಲ್ಲಮ್ಮ" ಎಂದೆ. ಎಂದು, ಸಹಿ ಹಾಕಿದೆ.

ಎರಡು ದಿನ ಆ ಮಾತು ನನ್ನನ್ನು ಬಿಡಲಿಲ್ಲ. ಅಡುಗೆ ಅನಿಲ ಭಾರ, ಸೋರಿದರೆ ನೆಲ ಹಿಡಿಯುತ್ತದೆ. ಅದಕ್ಕಾಗಿ ಕೆಳಗೆ ಕಿಂಡಿ. ಜಲಜನಕ ಸೋರಿದರೆ ಚಾವಣಿಯಡಿ ಸೇರುತ್ತದೆ. ಇದು ನನಗೆ ಮೊದಲ ದಿನವೇ ಹೊಳೆದಿತ್ತು. ಆದರೆ ತಪ್ಪಾಯಿತೆಂದು ಬರೆದುಕೊಡಲು ಕೈ ಬರಲಿಲ್ಲ. ಮೂರನೆಯ ದಿನ, ಉದ್ಘಾಟನೆಯ ಬೆಳಿಗ್ಗೆ, ಜೀಪು ಹತ್ತಿದೆ.

ಅಲ್ಲಿ ನೂರು ಜನ ಸೇರಿದ್ದರು. ಕೋಣೆಯೊಳಗೆ ದೀಪ ಹಚ್ಚಲು ಗಂಗಾಧರಪ್ಪನವರ ಪತ್ನಿ ಪ್ರೇಮಕುಮಾರಿಯವರು ಬಾಗಿಲ ಬಳಿ ನಿಂತಿದ್ದರು. ನಾನು ತಡೆದೆ.

ಗಂಗಾಧರಪ್ಪನವರು ದನಿ ಎತ್ತಲಿಲ್ಲ. "ಮೊನ್ನೆ ಸೈನ್ ಹಾಕಿದ್ದು ನೀವೇ ಅಲ್ವಾ ಮಾರಾಯ್ರೇ?" ಎಂದರು.

"ನಾನೇ. ತಪ್ಪು ಮಾಡಿದೆ. ಎಲ್ಲರನ್ನೂ ದೂರ ಕಳಿಸಿ."

ಯಂತ್ರ ನಿಲ್ಲಿಸಿದರು. ಹೊಸ್ತಿಲಲ್ಲೇ ನಿಂತು ಅನಿಲ ಅಳೆಯುವ ಮೀಟರಿನ ಕೊಳವೆಯನ್ನು ಚಾವಣಿಗೆ ಚಾಚಿದೆ. ಮೀಟರು ಕೂಗಿಕೊಂಡಿತು. ಹಿಂದಿನ ದಿನದ ಪರೀಕ್ಷೆಯಲ್ಲಿ ಪೈಪಿನ ಒಂದು ಜೋಡಣೆ ಸೋರಿತ್ತು. ಪ್ರೇಮಕುಮಾರಿಯವರು ಕೈಯಲ್ಲಿದ್ದ ಬೆಂಕಿಪೊಟ್ಟಣವನ್ನು ಮೆಲ್ಲಗೆ ಸೆರಗಿನೊಳಗೆ ಮುಚ್ಚಿಕೊಂಡರು.

ಚಾವಣಿ ಒಡೆಸಿ ಗಾಳಿಕಿಂಡಿ ಇಡಿಸಿದೆವು. ತಿಂಗಳ ನಂತರ ಉದ್ಘಾಟನೆಯೂ ಆಯಿತು. ನನ್ನ ವರದಿಯಲ್ಲಿ "ಪರಿಶೀಲನೆಯ ವೇಳೆ ಕಂಡುಬಂದ ಲೋಪ" ಎಂದು ಬರೆದೆ. ಯಾರಿಗೆ ಕಂಡಿತು ಎಂದು ಬರೆಯಲಿಲ್ಲ. ಇಲಾಖೆ ಪ್ರಶಂಸಾಪತ್ರ ಕೊಟ್ಟಿತು. ತೆಗೆದುಕೊಂಡೆ. ಐದು ವರ್ಷ ಅದು ನನ್ನ ಮೇಜಿನ ಹಿಂದಿನ ಗೋಡೆಯ ಮೇಲಿತ್ತು.

ಹೋದ ವಾರ ಹುಚ್ಚಮ್ಮನ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಮೆಣಸು ಹರವುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡು, "ಹೆಸರು ಬರೀದಿದ್ರೆ ಹೋಗ್ಲಿ ಸಾರ್. ತಿಳಿಯಲ್ಲ ಅಂದ್ರಲ್ಲ, ಅದು ಬೇಜಾರಾಗಿತ್ತು" ಎಂದರು.

ಅಧ್ಯಕ್ಷರೇ, ಆ ಕಡತಕ್ಕೆ ಸೇರಬೇಕಾದ ತಿದ್ದುಪಡಿ ಈ ಲಕೋಟೆಯಲ್ಲಿದೆ. ಲೋಪ ಕಂಡವರ ಹೆಸರು, ನಾನು ಅವರಿಗೆ ಕೊಟ್ಟ ಉತ್ತರ, ಎರಡನ್ನೂ ಬರೆದಿದ್ದೇನೆ. ಸಂಜೆ ಐದೂವರೆಯವರೆಗೆ ನಾನಿನ್ನೂ ನೌಕರನೇ. ದಯವಿಟ್ಟು ಅಷ್ಟರೊಳಗೆ ಇದಕ್ಕೆ ಸ್ವೀಕೃತಿಯ ಮುದ್ರೆ ಹಾಕಿಸಿ. ಕುಳಿತು ಕೇಳಿದ ನಿಮ್ಮೆಲ್ಲರಿಗೂ ನಾನು ಋಣಿ. ನಮಸ್ಕಾರ.