ಬೇಲಿಯೊಳಗಿನ ಗಂಡ

ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವುದು ಗಾದೆ. ಇಲ್ಲಿ ಮಾತ್ರ ಕೊಳ್ಳೆ ಹೊಡೆದವರೇ ಬಾಗಿಲು ಹಾಕಿಕೊಂಡರು. ಒಕಿನಾವಾದಲ್ಲಿ ಅಮೆರಿಕದ ಸೇನೆ ಬೇಲಿ ಹಾಕಿಕೊಂಡ ಜಾಗದೊಳಗೇ ಮಕತೊ ಅಜ್ಜಿಯ ಗಂಡನ ಸಮಾಧಿ. ವರ್ಷಕ್ಕೊಂದೇ ದಿನ, ಹಿರಿಯರ ಹಬ್ಬಕ್ಕೆ, ಗೇಟು ತೆರೆಯುತ್ತಾರೆ. ಇವತ್ತು ಸಾಲಿನಲ್ಲಿ ಅವಳ ಹಿಂದಿದ್ದ ಗೆಳತಿ ನಬೆ, ತಮಾಷೆಗೆ, ಗೇಟಿನ ಪಹರೆಯವನ ದನಿ ಅಣಕಿಸಿ ಕೂಗಿದಳು.

"ಏಯ್ ಮುದುಕಿ! ವಾಪಸ್ ಹೋಗು!"

ಮಕತೊ ಬುತ್ತಿಯನ್ನು ಎದೆಗವಚಿಕೊಂಡಳು. "ಸ್ವಾಮಿ, ನಮ್ಮನೆಯವರಿಗೆ ಊಟ ಬಡಿಸಿ ಬಂದ್ಬಿಡ್ತೀನಿ."

"ನಾನು ಕಣೇ!"

"ಹಾಳಾದೋಳೇ! ಹೋದ ವರ್ಷ ಆ ಪಹರೆಯವನು ಹಿಂಗೇ ಕೂಗಿ ಓಡಿಸಿದ್ದ. ಎರಡು ವರ್ಷದಿಂದ ಉಪವಾಸ ಇದಾರೆ ಕಣೇ ಅವರು."

ಮಕತೊ ಅವಳ ಕಡೆ ತಿರುಗಿದಳು.

"ನಮ್ಮನೆಯವರ ದನಿ ಬರುತ್ತೇನೇ ನಿನಗೆ?"

ನಬೆ ಕೆಮ್ಮಿ, ಗಂಟಲು ದಪ್ಪ ಮಾಡಿದಳು. "ಮಕತೊ! ಎರಡು ವರ್ಷ ಎಲ್ಲಿ ಸತ್ತು ಹೋಗಿದ್ದೆ? ಹಸಿವು!"

ಸಾಲಿಗೆ ಸಾಲೇ ನಕ್ಕಿತು. ಗೇಟು ತೆರೆಯಿತು. ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದ ಮಕತೊಳ ನಗುವೇ ಎಲ್ಲರದಕ್ಕಿಂತ ಜೋರಾಗಿತ್ತು.