ನಿಂತ ಕಾರಿನ ಕ್ಯಾಮೆರಾಗೆ ಕಾವಲು ಕುಳಿತ ಬಗ್ಗೆ

ಬೀದಿಯವರೆಲ್ಲ ಟೇಪಣ್ಣ ಎಂದು ಕರೆಯುವ ನಾನು, ವಯಸ್ಸು 66 ವರ್ಷ, ನಿವೃತ್ತ ಸರ್ವೆಯರ್, ವಿಧುರ, ವಾಸ ಎರಡನೇ ಅಡ್ಡರಸ್ತೆಯ ಮೂಲೆಯಿಂದ ಮೂರನೇ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೂವತ್ತನಾಲ್ಕು ವರ್ಷ ಜನರ ಜಮೀನಿನ ಎಲ್ಲೆ ಅಳೆದವನು. ನನ್ನ ಮೇಲೆ ಒಂದು ದೂರೂ ಬಂದದ್ದಿಲ್ಲ. ಆದರೆ ನಾಲ್ಕು ತಿಂಗಳ ಹಿಂದೆ ಹೊಸ ಕಾರು ಕೊಳ್ಳುವಾಗ ಸ್ವಂತ ಮನೆಯ ಗೇಟು ಅಳೆಯುವುದನ್ನು ಮರೆತೆ. ಕಾರಿನ ಅಗಲ 1 ಮೀಟರ್ 77 ಸೆಂ.ಮೀ., ಗೇಟು 1 ಮೀಟರ್ 70. ಆದ್ದರಿಂದ ಕಾರನ್ನು ಎದುರು ಸಾಲಿನಲ್ಲಿ, ನನ್ನ ಬಾಗಿಲಿನಿಂದ 14 ಮೀಟರ್ ದೂರದ ಹಲ್ಲಿನ ಕ್ಲಿನಿಕ್ಕಿನ ಗೇಟಿನ ಪಕ್ಕ ನಿಲ್ಲಿಸುತ್ತ ಬಂದಿದ್ದೇನೆ.

ಈ ತಿಂಗಳು 2ರಂದು ಕಾರಿನ ಮುಂದಿನ ಎಡಮೂಲೆಯಲ್ಲಿ 11 ಸೆಂ.ಮೀ. ಉದ್ದದ ಗೀರು ಕಂಡೆ. 4ರಂದು ಅದರ ಕೆಳಗೇ ಇನ್ನೊಂದು. ಪ್ರಿವೆನ್ಷನ್ ಈಸ್ ಬೆಟರ್ ದ್ಯಾನ್ ಇನ್ವೆನ್ಷನ್ ಎಂದು ಕಾಲೇಜಿನಲ್ಲಿ ಓದಿದ್ದು ನೆನಪಾಗಿ, 5ರಂದು ಮುಂದಿನ ಗಾಜಿಗೆ ಕ್ಯಾಮೆರಾ ಹಾಕಿಸಿದೆ. ಮೆಕ್ಯಾನಿಕ್ ಸದಾ ಕರೆಂಟಿರುವ ಫ್ಯೂಸಿನಿಂದ ಅದಕ್ಕೆ ತಂತಿ ಎಳೆದ. 7ರ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಮೆಕ್ಯಾನಿಕ್ ಬಂದು, ನಿಮ್ಮ ಕ್ಯಾಮೆರಾ ಬ್ಯಾಟರೀನ ತಳ ಕಾಣೋ ಹಾಗೆ ಹೀರಿಬಿಟ್ಟಿದೆ ಸಾರ್ ಎಂದು ಹೇಳಿ ತಂತಿಯನ್ನು ಬೇರೆ ಫ್ಯೂಸಿಗೆ ಬದಲಾಯಿಸಿದ. ಆಮೇಲೆ ಕಾರು ಆಫ್ ಮಾಡಿದ ಕೂಡಲೇ ಕ್ಯಾಮೆರಾವೂ ಮಲಗತೊಡಗಿತು. ಕಳ್ಳ ಬಂದಾಗ ಗೊರಕೆ ಹೊಡೆಯೋ ಕಾವಲುಗಾರ ಯಾಕಪ್ಪ ನನಗೆ ಎಂದು ಕೇಳಿದೆ. ಬ್ಯಾಟರಿ ಇಳಿದರೆ ತಾನೇ ಕರೆಂಟು ಕಡಿಯೋ ಸಣ್ಣ ಡಬ್ಬಿ ಬರುತ್ತೆ, ತರಿಸ್ತೀನಿ, ಹನ್ನೆರಡು ದಿನ ತಡ್ಕೊಳ್ಳಿ ಎಂದ.

ತಡೆದುಕೊಳ್ಳುವುದು ನನ್ನ ಜಾಯಮಾನವಲ್ಲ. ಡಬ್ಬಿ ಬರುವವರೆಗೆ ನಾನೇ ಡಬ್ಬಿಯಾಗುವುದೆಂದು ತೀರ್ಮಾನಿಸಿದೆ. 8ರಿಂದ ಪ್ರತಿದಿನ ಮಧ್ಯಾಹ್ನ 2ರಿಂದ 5ರವರೆಗೆ ಕಾರಿನಲ್ಲಿ ಕುಳಿತೆ. ಎಂಜಿನ್ ಹಾಕದೆ ಗುಂಡಿ ಒತ್ತಿದರೆ ಕ್ಯಾಮೆರಾ ಎದ್ದಿರುತ್ತದೆ. ಆದರೆ ಈಗಿನ ಕಾರುಗಳು ನಮಗಿಂತ ಜಾಣ. ಒಳಗೆ ಯಾರೂ ಏನನ್ನೂ ಮುಟ್ಟದಿದ್ದರೆ 20 ನಿಮಿಷಕ್ಕೆ ಎಲ್ಲವನ್ನೂ ಆರಿಸಿಬಿಡುತ್ತವೆ. ಆದ್ದರಿಂದ ಗಡಿಯಾರ ನೋಡಿಕೊಂಡು 18 ನಿಮಿಷಕ್ಕೊಮ್ಮೆ ಬಾಗಿಲು ತೆಗೆದು, ಮುಚ್ಚಿ, ಗುಂಡಿ ಒತ್ತುತ್ತಿದ್ದೆ. 5 ಗಂಟೆಗೆ 6 ಕಿ.ಮೀ. ಓಡಿಸಿ ಬ್ಯಾಟರಿಗೆ ಊಟ ಹಾಕುತ್ತಿದ್ದೆ.

ಇಂದು 16ರಂದು 3.20ಕ್ಕೆ ಪೇದೆಯವರು ಕಾರಿನ ಗಾಜು ತಟ್ಟಿದರು. 3.45ಕ್ಕೆ ಠಾಣೆ ತಲುಪಿದೆವು. ಯಾರೋ ಮುದುಕರು ಒಂದು ವಾರದಿಂದ ಕ್ಯಾಮೆರಾ ಇಟ್ಟುಕೊಂಡು ತಮ್ಮ ಗೇಟನ್ನೇ ಕಾಯುತ್ತಿದ್ದಾರೆ, ಲೆಕ್ಕ ಹಾಕಿದಂತೆ ಬಾಗಿಲು ಬಡಿಯುತ್ತಾರೆ, ರೋಗಿಗಳು ಹೆದರುತ್ತಿದ್ದಾರೆ ಎಂದು ಕ್ಲಿನಿಕ್ಕಿನ ಡಾಕ್ಟರಮ್ಮ ದೂರು ಕೊಟ್ಟಿದ್ದರು. ಅವರು ಬಂದು ಎರಡೇ ತಿಂಗಳಾಗಿದೆ, ನನ್ನ ಪರಿಚಯವಿಲ್ಲ. ಹೆಣ್ಣುಮಕ್ಕಳನ್ನ ಬೇಕಂತಲೇ ಚಿತ್ರ ತೆಗೆದಿದ್ದು ಕಂಡರೆ ಕೇಸು ಹಾಕೋದೇ, ವಯಸ್ಸು ಗಿಯಸ್ಸು ನೋಡಲ್ಲ ಎಂದು ಇನ್ಸ್‌ಪೆಕ್ಟರ್ ಮೇಡಂ ಹೇಳಿದರು. ಕ್ಯಾಮೆರಾದ ಕಾರ್ಡನ್ನು ನಾನೇ ತೆಗೆದುಕೊಟ್ಟೆ.

ಅದನ್ನು ಠಾಣೆಗೆ ಬಂದಿದ್ದ ಡಾಕ್ಟರಮ್ಮನ ಎದುರಿನಲ್ಲೇ ಕಂಪ್ಯೂಟರಿಗೆ ಹಾಕಿದರು. ಅದರಲ್ಲಿ ಮಾತೂ ದಾಖಲಾಗುತ್ತದೆಂದು ನನಗೆ ತಿಳಿದಿರಲಿಲ್ಲ. ಕ್ಲಿನಿಕ್ಕಿನಿಂದ ಒಬ್ಬ ರೋಗಿ ಹೊರಬರುವ ದೃಶ್ಯದಲ್ಲಿ, ನೋಡೇ, ಇವನ ಕೆನ್ನೆ ಬನ್ನಿನ ಹಾಗೆ ಊದಿದೆ, ಇವತ್ತು ಸೊಸೆ ಹೇಳಿದ್ದಕ್ಕೆಲ್ಲ ಹೂಂ ಅನ್ನಬೇಕು ಎಂದು ನನ್ನ ಧ್ವನಿ ಬಂತು. ಪಕ್ಕದಲ್ಲಿ ಕೂತಿದ್ದವರು ಯಾರು, ಅವರನ್ನೂ ಕರೆಸಬೇಕು ಎಂದು ಮೇಡಂ ಕೇಳಿದರು. ಯಾರೂ ಇಲ್ಲ ಮೇಡಂ, ನಮ್ಮ ಮನೆಯವಳು, ಹೋಗಿ ಎರಡು ವರ್ಷ ನಾಲ್ಕು ತಿಂಗಳಾಯ್ತು, ಆ ಸೀಟಿನಲ್ಲಿ ಬೇರೆ ಯಾರೂ ಕೂರಲ್ಲ ಎಂದೆ. ಮೇಡಂ ಕಂಪ್ಯೂಟರಿನ ಧ್ವನಿಯನ್ನು ಎರಡು ಗೆರೆ ಕಡಿಮೆ ಮಾಡಿದರು.

13ನೇ ತಾರೀಕಿನ ದೃಶ್ಯದಲ್ಲಿ 2.47ಕ್ಕೆ ನನ್ನ ಗೊರಕೆ ಆರಂಭವಾಗುತ್ತದೆ. 2.51ಕ್ಕೆ ಹಲ್ಲು ಕೀಳಿಸಿಕೊಂಡ ಒಬ್ಬರು ಒಂದು ಕೈಯನ್ನು ದವಡೆಗೆ ಒತ್ತಿಕೊಂಡು, ಇನ್ನೊಂದು ಕೈಯಿಂದ ಗೇಟನ್ನು ರಸ್ತೆಯ ಕಡೆಗೆ ಜೋರಾಗಿ ತಳ್ಳುತ್ತಾರೆ. ಗೇಟಿನ ಚಿಲಕ ನನ್ನ ಕಾರಿಗೆ ಉಜ್ಜುತ್ತದೆ. ಗೊರಕೆ ನಿಲ್ಲುವುದಿಲ್ಲ. ದೃಶ್ಯ ನೋಡಿ ನನ್ನ ಸರ್ವೆಯರ್ ಕಣ್ಣಳತೆಯಲ್ಲಿ ಹೇಳುವುದಾದರೆ, ಗೇಟಿನ ರೆಕ್ಕೆ 1 ಮೀಟರ್ 20, ಕಾರಿಗೂ ಗೇಟಿಗೂ ಇರುವ ಅಂತರ 1 ಮೀಟರ್ 15. ತಪ್ಪು ಐದು ಸೆಂಟಿಮೀಟರಿನದು, ಅದನ್ನು ಅಳೆಯದೆ ನಿಲ್ಲಿಸಿದವನು ನಾನು.

ಮೊದಲು ನಕ್ಕವರು ಡಾಕ್ಟರಮ್ಮ. ಕಣ್ಣೊರೆಸಿಕೊಳ್ಳುತ್ತ, ಅಂಕಲ್, ನಾನು ನಿಮ್ಮ ಮೇಲೆ ಕೊಟ್ಟ ದೂರು ವಾಪಸ್, ಗೇಟು ಒಳಗೆ ತೆರೆಯೋ ಹಾಗೆ ಮಾಡಿಸ್ತೀನಿ ಎಂದರು. ಗೀರಿಗೆ ನೀವು ಎದುರುದೂರು ಕೊಡ್ತೀರಾ ಎಂದು ಮೇಡಂ ಕೇಳಿದರು. ಬೇಡ, ಯಾರ ಮೇಲೆ ಕೊಡಲಿ, ಆ ದವಡೆಯ ಮೇಲೋ ಎಂದೆ. ನಾನೂ ನಕ್ಕೆ. ಡಾಕ್ಟರಮ್ಮ ತಟ್ಟನೆ ನಗು ನಿಲ್ಲಿಸಿ ನನ್ನ ಬಾಯಿಯತ್ತ ಬಗ್ಗಿ, ಮೇಲಿನ ಎಡಗಡೆ ಹಲ್ಲು ಹುಳುಕಾಗಿದೆ, ನಾಳೆ ಹನ್ನೊಂದಕ್ಕೆ ಬನ್ನಿ, ದಯವಿಟ್ಟು ನಡ್ಕೊಂಡೇ ಬನ್ನಿ ಎಂದರು. ಬರುವುದಾಗಿ ಒಪ್ಪಿದ್ದೇನೆ.

ಬರೆದುಕೊಂಡದ್ದನ್ನು ಓದಿಸಿ ಕೇಳಿದೆ. ನಾನು ಹೇಳಿದ್ದೇ ಇದೆ, ನಡೆದದ್ದೂ ಇದೇ. ಗೊರಕೆಯ ಭಾಗವನ್ನು ಬಿಡಬಹುದಿತ್ತು, ಆದರೆ ಸತ್ಯ ಸತ್ಯವೇ ಎಂದು ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: 16, ಸಂಜೆ 5.10
ಸಹಿ: (ಟೇಪಣ್ಣ)