ಕೇಳಿಸಿತು ಎಂಬ ಖಾನೆ

ಸಭೆಯ ಅಧ್ಯಕ್ಷರೇ, ಕಚೇರಿಯ ಕೆಲಸ ಬಿಟ್ಟು ಮುಖ್ಯ ಅತಿಥಿಯಾಗಿ ಬಂದಿರುವ ಪರವಾನಗಿ ಅಧಿಕಾರಿ ಮೇಡಂ ಅವರೇ, ಅಲಾರಂ ವ್ಯಾಪಾರಿಗಳ ಸಂಘದ ಬಂಧುಗಳೇ, ಬೆಳಗಿನಿಂದ ಕುರ್ಚಿ ಜೋಡಿಸಿ ಈಗ ಅದೇ ಕುರ್ಚಿಗಳಲ್ಲಿ ಸುಸ್ತಾಗಿ ಕುಳಿತಿರುವ ನಮ್ಮ ಅಂಗಡಿಯ ಹನ್ನೊಂದು ಜನರೇ, ಇಂದು ನಿವೃತ್ತರಾಗುತ್ತಿರುವ ನನ್ನ ಚಿಕ್ಕಪ್ಪನವರೇ, ಮತ್ತು ಸಭಿಕರೇ.

ನನ್ನ ಕೈಯಲ್ಲಿ ಎರಡು ಪುಟದ ಭಾಷಣವಿದೆ. ನಮ್ಮ ಟೈಪಿಸ್ಟ್ ಬರೆದುಕೊಟ್ಟದ್ದು. ಅದರಲ್ಲಿ 'ಕರ್ತವ್ಯನಿಷ್ಠೆ' ಎಂಬ ಮಾತು ಏಳು ಸಲ ಬರುತ್ತದೆ. ಏಳು ಸಲವೂ ಓದುತ್ತೇನೆ, ಸಹಿಸಿಕೊಳ್ಳಿ.

ನಮ್ಮದು ವಿಚಿತ್ರ ಕಸುಬು. ಅಡುಗೆಯವರು ಚೆನ್ನಾಗಿ ಅಡುಗೆ ಮಾಡಿದರೆ ಉಂಡವರು ಹೊಗಳುತ್ತಾರೆ. ನಾವು ಚೆನ್ನಾಗಿ ಕೆಲಸ ಮಾಡಿದರೆ ಏನೂ ಆಗುವುದಿಲ್ಲ. ಏನೂ ಆಗದೇ ಇದ್ದದ್ದಕ್ಕೆ ಯಾರಾದರೂ ಧನ್ಯವಾದ ಹೇಳಿದ್ದುಂಟೇ? ಬೆಕ್ಕು ಕಿಟಕಿ ಹಾರಿ ಸೈರನ್ ಕೂಗಿಸಿದ ದಿನ ಮಾತ್ರ ಇಡೀ ಬೀದಿಗೆ ನಮ್ಮ ಫೋನ್ ನಂಬರ್ ನೆನಪಾಗುತ್ತದೆ.

ಯಾವ ಕಿಟಕಿಯ ಚಿಲಕ ಸಡಿಲ, ಯಾವ ಬಾಗಿಲಿಗೆ ವೈರ್ ಎಳೆದಿಲ್ಲ ಎಂಬುದು ಮನೆಯವರಿಗಿಂತ ನಮಗೆ ಚೆನ್ನಾಗಿ ಗೊತ್ತು. ಅದಕ್ಕೇ ಸರ್ಕಾರ ನಮ್ಮ ಮೇಲೆ ಒಂದು ಕಣ್ಣಿಟ್ಟಿದೆ. ಏಣಿ ಹಿಡಿಯುವವನಿಗೂ ಪೊಲೀಸ್ ತಪಾಸಣೆ ಆಗಿರಬೇಕು, ಕೊರಳಲ್ಲಿ ಫೋಟೋ ಕಾರ್ಡ್ ಇರಬೇಕು. ಎಲ್ಲಕ್ಕಿಂತ ಮೇಲಾಗಿ, ಇಲಾಖೆಯ ಪರೀಕ್ಷೆ ಪಾಸಾದ ಒಬ್ಬ 'ಅರ್ಹ ವ್ಯಕ್ತಿ' ಅಂಗಡಿಯಲ್ಲಿ ಪೂರ್ಣಾವಧಿ ಕೆಲಸಕ್ಕಿರಬೇಕು. ಅವರು ಬಿಟ್ಟರೆ ಮೂವತ್ತು ದಿನದೊಳಗೆ ಇನ್ನೊಬ್ಬರು ಬರಬೇಕು. ಬರದಿದ್ದರೆ? ಷಟರ್ ಎಳೆಯಬೇಕು. ಇಪ್ಪತ್ತಾರು ವರ್ಷ ನಮ್ಮ ಷಟರ್ ತೆರೆದೇ ಇದ್ದದ್ದು ಚಿಕ್ಕಪ್ಪನ ಒಂದು ಅರ್ಹತಾ ಪತ್ರದ ಬಲದಿಂದ. ನಾಳೆಯಿಂದ ಆ ಜಾಗಕ್ಕೆ ನಾನು. ನನ್ನ ಪತ್ರ ಮೇಡಂ ಅವರ ಮೇಜಿನ ಮೇಲೆ ಸಹಿಗೆ ಕಾಯುತ್ತಿದೆ. ಇವತ್ತು ಅವರಿಗೆ ಅತಿ ದೊಡ್ಡ ಹಾರ ಹಾಕಿದ್ದು ಯಾಕೆ ಎಂದು ಈಗ ನಿಮಗೆ ಅರ್ಥವಾಗಿರಬಹುದು.

ನಮ್ಮ ತಂದೆ ಮಾತುಗಾರರು. ಗಿರಾಕಿಯ ಮನೆಗೆ ಹೋಗಿ, ಇರುವೆ ಒಳಗೆ ಬಂದರೂ ಗೊತ್ತಾಗುತ್ತದೆ ಎಂದು ಹೇಳಿ ಒಪ್ಪಿಸಿ ಬರುತ್ತಿದ್ದರು. ಮರುದಿನ ಚಿಕ್ಕಪ್ಪ ಹೋಗಿ, ಅದರಲ್ಲಿ ಅರ್ಧ ಆಗುವ ಮಾತಲ್ಲ ಎಂದು ಹೇಳಿ, ಉಳಿದರ್ಧವನ್ನು ಅಚ್ಚುಕಟ್ಟಾಗಿ ಮಾಡಿ ಬರುತ್ತಿದ್ದರು. ತಂದೆ ತೀರಿಕೊಂಡ ಮೇಲೆ ಅಂಗಡಿ ನನ್ನ ತಲೆಗೆ ಬಂತು. ಚಿಕ್ಕಪ್ಪ ಒಂದು ದಿನವೂ ನನ್ನ ಮಾತು ಮೀರಲಿಲ್ಲ, ಒಂದು ದಿನವೂ ನನಗಾಗಿ ಸುಳ್ಳು ಹೇಳಲಿಲ್ಲ.

ಮನೆಗೆ ಅಲಾರಂ ಜೋಡಿಸಿದ ಮೇಲಿನ ಕೊನೆಯ ತಪಾಸಣೆಯ ನಿಯಮ ನಿಮಗೆ ಗೊತ್ತೇ ಇದೆ. ಅರ್ಹ ವ್ಯಕ್ತಿ ಮನೆಯ ತೀರಾ ಒಳಗಿನ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು ಕೂರಬೇಕು. ಹೊರಗೆ ಸೈರನ್ ಹಾಕಬೇಕು. ನಮೂನೆಯಲ್ಲಿ 'ಸೈರನ್ ಕೇಳಿಸಿತೇ?' ಎಂಬ ಖಾನೆ ಇದೆ. ಅಲ್ಲಿ ತಮ್ಮ ಕೈಯಾರೆ ಬರೆದು ಸಹಿ ಹಾಕಬೇಕು. ಚಿಕ್ಕಪ್ಪನ ದುಂಡಗಿನ ಅಕ್ಷರದ 'ಕೇಳಿಸಿತು' ನಮ್ಮ ಬೀರುವಿನ ತುಂಬ ಇದೆ. ಈಚೆಗಂತೂ ಅವರ ನಿಷ್ಠೆ ಎಷ್ಟೆಂದರೆ, ತಾವೇ ಸ್ಟೂಲ್ ಹತ್ತಿ, ಸೈರನ್ ಡಬ್ಬಿಯ ಮೇಲೆ ಅಂಗೈ ಇಟ್ಟು, ಅದರ ನಡುಕ ನೋಡಿಯೇ ಕೆಳಗಿಳಿಯುತ್ತಿದ್ದರು...

ಓ, ಮೇಡಂ ಪೆನ್ನು ತೆಗೆದರು.

ಸಭಿಕರೇ, ಈ ಅಂಗೈಯ ಮಾತು ಟೈಪಿಸ್ಟ್ ಬರೆದದ್ದರಲ್ಲಿ ಇಲ್ಲ. ಹೊಗಳುವ ಭರದಲ್ಲಿ ನನ್ನ ಬಾಯಿ ತಪ್ಪಿ ಬಂತು. ಡಬ್ಬಿಯ ಮೇಲೆ ಕೈ ಇಟ್ಟವರು ಒಳಗಿನ ಕೋಣೆಯಲ್ಲಿ ಹೇಗೆ ಕುಳಿತಿದ್ದರು ಎಂದು ಮೇಡಂ ಕೇಳುವ ಮೊದಲು ನಾನೇ ಹೇಳುತ್ತೇನೆ. ಒಂದು ಗುಟುಕು ನೀರು ಕುಡಿಯಲು ಅಪ್ಪಣೆ ಕೊಡಿ.

ಹೋದ ಸೋಮವಾರ, ಈ ಸಮಾರಂಭದಲ್ಲಿ ಓದಲಿಕ್ಕೆಂದು ಚಿಕ್ಕಪ್ಪನ ಹಳೆಯ ನಮೂನೆಗಳನ್ನು ತೆಗೆದೆ. ಕೇಳಿಸಿತು, ಕೇಳಿಸಿತು, ಕೇಳಿಸಿತು. ಒಂದೂವರೆ ವರ್ಷದ ಹಿಂದಿನ ಒಂದು ಹಾಳೆಯಿಂದ ಆ ಮಾತು ಬದಲಾಗಿತ್ತು. 'ಕೂಗಿತು' ಎಂದಿತ್ತು. ಅಲ್ಲಿಂದ ಮುಂದೆ ಮೂವತ್ತೆಂಟು ಮನೆಗಳಿಗೂ 'ಕೂಗಿತು'. ಮೊದಲು ನಕ್ಕೆ. ವಯಸ್ಸಾದ ಮೇಲೆ ಸಾಹಿತಿಯಾದರಲ್ಲ ಎಂದುಕೊಂಡೆ. ಆಮೇಲೆ ಒಂದೊಂದೇ ನೆನಪಾಯಿತು. ಫೋನ್ ಬೇಡ, ಚೀಟಿ ಬರೆದು ಕಳಿಸು ಎನ್ನುತ್ತಿದ್ದರು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಎಷ್ಟು ಸಲ ಹೇಳಬೇಕು ನಿಮಗೆ ಎಂದು ಎಲ್ಲರೆದುರು ಅವರ ಮೇಲೆ ರೇಗಿದ್ದೇನೆ. ಬೈದದ್ದೂ ಅವರಿಗೆ ಕೇಳಿಸಿರಲಿಲ್ಲ. ನನ್ನ ಮುಖ ನೋಡಿ ತಿಳಿದುಕೊಂಡಿದ್ದರು, ಅಷ್ಟೇ.

ಆ ಹಾಳೆಯನ್ನು ಅವರ ಮುಂದೆ ಇಟ್ಟೆ.

"ಸುಳ್ಳು ಬರೆಯೋಕೆ ಕೈ ಬರಲಿಲ್ಲ ಮಗಳೇ, ನಿಜ ಹೇಳೋಕೆ ಬಾಯಿ ಬರಲಿಲ್ಲ," ಎಂದರು. "ಕೂಗಿದ್ದಂತೂ ನಿಜ. ಅದನ್ನೇ ಬರೆದೆ."

ಮೊದಲೇ ಯಾಕೆ ಬಿಡಲಿಲ್ಲ ಎಂದು ನಾನು ಕೇಳಲಿಲ್ಲ. ಹಾಳೆಯ ಮೇಲಿನ ತಾರೀಖೇ ಹೇಳುತ್ತಿತ್ತು. ಅದರ ಹಿಂದಿನ ವಾರ ನಾನು ಅರ್ಹತಾ ಪರೀಕ್ಷೆಯಲ್ಲಿ ಫೇಲಾಗಿದ್ದೆ. ನಾನು ಪಾಸಾದ ದಿನವೇ ಬಿಡಬೇಕೆಂದು ಅವರು ಕಾದಿದ್ದರು. ನಾನು ಓದಲಿಲ್ಲ. ಓದದೇ ಪಾಸಾಗುತ್ತೇನೆ ಎಂಬ ಜಂಬ ನನಗೆ. ಕೊನೆಗೂ ಪಾಸಾದದ್ದು ಹೋದ ತಿಂಗಳು. ನಾನು ಫೇಲಾದಾಗಲೇ ಅವರು ಬಿಟ್ಟಿದ್ದರೆ ಮೂವತ್ತೊಂದನೇ ದಿನ ಈ ಹನ್ನೊಂದು ಜನ ಮನೆಗೆ ಹೋಗಬೇಕಿತ್ತು. ಹಾಗಾಗಿ ಕಿವಿ ಕೇಳಿಸದವರು ಕಿವಿಯ ಕೆಲಸವನ್ನು ಅಂಗೈಯಿಂದ ಮಾಡಿದರು.

ನಿನ್ನ ಪತ್ರ ಕೈಗೆ ಬರುವವರೆಗೆ ಯಾರಿಗೂ ಹೇಳಬೇಡ ಎಂದರು. ನಾನು ಹೂಂ ಎಂದೆ. ಸುಮ್ಮನಿದ್ದರೆ ಏನು ನಷ್ಟ, ಡಬ್ಬಿಯಂತೂ ಕೂಗುತ್ತಿದೆಯಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಆಗಲಿಲ್ಲ. ಬುಧವಾರ ಆ ಮೂವತ್ತೆಂಟರಲ್ಲಿ ಮೊದಲ ಮನೆಗೆ ಹೋದೆ. ನಿವೃತ್ತ ನರ್ಸ್ ಒಬ್ಬರು, ಒಬ್ಬರೇ ಇರುತ್ತಾರೆ. ಹಿಂದಿನ ಕೋಣೆಯಲ್ಲಿ ಅವರ ಮಂಚದ ಮೇಲೆ ಕುಳಿತು ಬಾಗಿಲು ಹಾಕಿಕೊಂಡೆವು. ಹೊರಗೆ ನಮ್ಮ ಟೈಪಿಸ್ಟ್ ಸೈರನ್ ಹಾಕಬೇಕಿತ್ತು. ಕಾದೆವು. ಗೋಡೆ ಗಡಿಯಾರದ ಟಿಕ್ ಟಿಕ್ ಬಿಟ್ಟರೆ ಏನೂ ಇಲ್ಲ. ಆ ತಾಯಿ ನನ್ನ ಕೈ ಹಿಡಿದು, "ನಿಮ್ಮ ಅಲಾರಂ ಇದೆ ಅಂತಾನೇ ನಾನು ಧೈರ್ಯವಾಗಿ ಮಲಗೋದು," ಎಂದರು. ಬಾಗಿಲು ತೆರೆದರೆ ಸೈರನ್ ಅರಚುತ್ತಿತ್ತು. ಟೈಪಿಸ್ಟ್ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ.

ಕೂಗಿತು. ಕೇಳಿಸಲಿಲ್ಲ. ಎರಡೂ ಒಂದೇ ಅಲ್ಲ ಎಂದು ತಿಳಿದೇ ಆ ಖಾನೆ ಮಾಡಿದ ಪುಣ್ಯಾತ್ಮರು ಯಾರೋ, ಅವರನ್ನು ನಾವೆಲ್ಲ ಎಷ್ಟು ಬೈದಿದ್ದೇವೆ! ಆ ಮನೆಗೆ ಅಂದೇ ಒಳಗಡೆ ಇನ್ನೊಂದು ಸೈರನ್ ಹಾಕಿಸಿದೆ. ಉಳಿದದ್ದು ಮೂವತ್ತೇಳು.

ಮೇಡಂ, ಪಟ್ಟಿ ನನ್ನ ಬ್ಯಾಗಿನಲ್ಲಿದೆ. ಭಾಷಣ ಮುಗಿದ ಮೇಲೆ ನಿಮಗೆ ಕೊಡುತ್ತೇನೆ. ನನ್ನ ಪತ್ರಕ್ಕೆ ನೀವು ಸಹಿ ಹಾಕದೇ ಇರಬಹುದು. ಇಪ್ಪತ್ತಾರು ವರ್ಷದ ಪರವಾನಗಿಯನ್ನೇ ತಡೆಯಬಹುದು. ನನಗೆ ಭಯವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ. ಅಧ್ಯಕ್ಷರೇ, ನಿಮ್ಮದೂ ಅಲಾರಂ ಅಂಗಡಿ, ನಮಗೂ ನಿಮಗೂ ಪೈಪೋಟಿ ಇದ್ದದ್ದೇ. ಆದರೂ ನಿಮ್ಮ ಅಂಗಡಿಯ ಅರ್ಹ ವ್ಯಕ್ತಿಯನ್ನು ನಾಳೆಯಿಂದ ನನ್ನ ಜೊತೆ ಆ ಮನೆಗಳಿಗೆ ಕಳಿಸಿಕೊಡಿ. ಗಿರಾಕಿಗಳನ್ನು ಬೇಕಾದರೆ ಆಮೇಲೆ ಸೆಳೆದುಕೊಳ್ಳಿ.

ಚಿಕ್ಕಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದಾರೆ. ತಲೆ ಆಡಿಸುತ್ತಿದ್ದಾರೆ. ಬೇಡ ಎಂದೋ, ಹೇಳು ಎಂದೋ ನನಗೆ ತಿಳಿಯುತ್ತಿಲ್ಲ. ಚಿಕ್ಕಪ್ಪ, ತಪ್ಪು ನಿಮ್ಮ ಕಿವಿಯದಲ್ಲ, ನನ್ನದು.

ಸಭಿಕರೇ, ಚಪ್ಪಾಳೆ ತಟ್ಟಬೇಡಿ. ಅದು ಅವರನ್ನು ಮುಟ್ಟುವುದಿಲ್ಲ. ಈ ಸಭಾಂಗಣದ ನೆಲ ಮರದ ಹಲಗೆಯದು. ಚಿಕ್ಕಪ್ಪ, ಹೀಗೆ, ನನ್ನ ಹಾಗೆ, ಅಂಗೈಯನ್ನು ಮೇಜಿನ ಮೇಲೆ ಇಡಿ. ಈಗ ಎಲ್ಲರೂ ಕಾಲಿನಿಂದ ನೆಲ ತಟ್ಟಿ. ಇನ್ನೂ ಜೋರಾಗಿ. ಹಿಂದಿನ ಸಾಲಿನವರೂ.

ಸಾಕು, ಸಾಕು. ಅವರು ಏನೋ ಹೇಳುತ್ತಿದ್ದಾರೆ. ಮೈಕ್ ಇಲ್ಲದ್ದರಿಂದ ನಿಮಗೆ ಕೇಳಿಸಿರಲಿಕ್ಕಿಲ್ಲ. 'ಕೇಳಿಸಿತು' ಎನ್ನುತ್ತಾರೆಂದು ನಾನು ಆಸೆಪಟ್ಟಿದ್ದೆ. ಅವರು ಹೇಳಿದ್ದು 'ನಡುಗಿತು' ಎಂದು. ಇವತ್ತೂ ನನಗಾಗಿ ಒಂದು ಸುಳ್ಳು ಹೇಳಲಿಲ್ಲ ನೋಡಿ.

ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ, ಪೆನ್ನಿನ ಮುಚ್ಚಳ ಇನ್ನೂ ಹಾಕದ ಮೇಡಂ ಅವರಿಗೂ ಸೇರಿಸಿ, ಎಲ್ಲರಿಗೂ ನನ್ನ ಕೃತಜ್ಞತೆ. ನಮಸ್ಕಾರ.